ಓದುಗರ ಪ್ರಶ್ನೋತ್ತರ: ಮೈಕ್ರೋಕಂಟ್ರೋಲರ್ ಲ್ಯಾಬಿಗೆ ಎಂಥ ಸಮಸ್ಯೆ ಕೊಡಬೇಕು?

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೈಕ್ರೋಕಂಟ್ರೋಲರ್ (ಉಪಕರಣದೊಳಗೆ ಕೂತು ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ವಿಷಯವನ್ನು ಕಲಿಸುವ ಮತ್ತು ಕಲಿಯುವ ಬಗೆಯನ್ನು ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ, ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ನಾನು 8051 ಎಂಬ ಮೈಕ್ರೋಕಂಟ್ರೋಲರಿನ ಲ್ಯಾಬ್ ನಡೆಸುತ್ತೇನೆ. ವಿದ್ಯಾರ್ಥಿಗಳು ಮ್ಯಾನ್ಯುಯಲ್‌ನಲ್ಲಿರುವ ಪ್ರೋಗ್ರಾಮುಗಳನ್ನು ಟೈಪ್ ಮಾಡಿ, ಔಟ್‌ಪುಟ್ ತೋರಿಸಿ, ರೆಕಾರ್ಡ್ ಬರೆದು ಅಂಕ ಪಡೆಯುತ್ತಾರೆ. ವೈವಾದಲ್ಲಿ ಟೈಮರ್ ರಿಜಿಸ್ಟರುಗಳ ಒಂದೊಂದು ಬಿಟ್ಟಿನ ಕೆಲಸವನ್ನೂ ತಡವರಿಸದೆ ಹೇಳುತ್ತಾರೆ. ಆದರೆ ಬರಿಯ ಚಿಪ್, ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡ್ ಮತ್ತು ಒಂದು ಎಲ್‌ಇಡಿಯನ್ನು ಮುಂದಿಟ್ಟರೆ ಕಕ್ಕಾಬಿಕ್ಕಿಯಾಗುತ್ತಾರೆ. ಪಠ್ಯಕ್ರಮ ವಿಶ್ವವಿದ್ಯಾಲಯದ್ದು, ಬ್ಯಾಚಿಗೆ ಇಪ್ಪತ್ತು ಮಂದಿ, ವಾರಕ್ಕೆ ಒಂದೇ ಅವಧಿ. ಇಷ್ಟರೊಳಗೆ ಸಮಸ್ಯೆ ಬಿಡಿಸುತ್ತಾ ಕಲಿಯುವ ಕ್ರಮವನ್ನು ತರುವುದು ಸಾಧ್ಯವೇ?
— ಉಪನ್ಯಾಸಕಿ, ಹಾವೇರಿ

ಉತ್ತರ: ಪಠ್ಯಕ್ರಮವನ್ನು ಮುಟ್ಟದೆಯೇ ಇದು ಸಾಧ್ಯ. ಪಟ್ಟಿಯಲ್ಲಿರುವ ಪ್ರಯೋಗಗಳನ್ನೇ ಇಟ್ಟುಕೊಂಡು, ಅವನ್ನು ವಿದ್ಯಾರ್ಥಿಯ ಮುಂದಿಡುವ ಬಗೆಯನ್ನು ಬದಲಾಯಿಸಿದರೆ ಸಾಕು. ಏನು ಮಾಡಬೇಕೆಂಬುದನ್ನು ಹೇಳುವ ಬದಲು ಏನು ಆಗಬೇಕೆಂಬುದನ್ನೂ, ಯಾವ ಮಿತಿಯನ್ನು ದಾಟಬಾರದೆಂಬುದನ್ನೂ ಹೇಳಿ, ಉಳಿದುದನ್ನು ಚಿಪ್ ತಯಾರಕರ ವಿವರಪತ್ರವಾದ ಡೇಟಾಶೀಟಿಗೂ ಮಲ್ಟಿಮೀಟರಿಗೂ ಬಿಟ್ಟುಬಿಡಬೇಕು.

ನಿಮ್ಮ ಎಲ್‌ಇಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪೋರ್ಟ್ 1ಕ್ಕೆ ಎಂಟು ಎಲ್‌ಇಡಿಗಳನ್ನು ಜೋಡಿಸಿ ಒಂದಾದ ಮೇಲೊಂದನ್ನು ಬೆಳಗಿಸುವ ಪ್ರಯೋಗ ಬಹುತೇಕ ಎಲ್ಲ ಮ್ಯಾನ್ಯುಯಲ್‌ಗಳಲ್ಲೂ ಇರುತ್ತದೆ. ಜೋಡಣೆಯೆಲ್ಲ ಟ್ರೇನರ್ ಬೋರ್ಡಿನಲ್ಲಿ ಆಗಲೇ ಮುಗಿದಿರುವುದರಿಂದ ವಿದ್ಯಾರ್ಥಿಯ ಪಾಲಿಗೆ ಉಳಿಯುವುದು ಒಂದು ರೊಟೇಟ್ ಆಜ್ಞೆ ಮತ್ತು ಒಂದು ಡಿಲೇ. ಅದರ ಬದಲು 8051ರ ವಂಶದ ಎಟಿ89ಎಸ್52 ಚಿಪ್, ಅದರ ಗಡಿಯಾರದ ಮಿಡಿತ ಕೊಡುವ ಕ್ರಿಸ್ಟಲ್, ಬ್ರೆಡ್‌ಬೋರ್ಡ್, ನಾನಾ ಬೆಲೆಯ ರೆಸಿಸ್ಟರುಗಳು ಮತ್ತು ಒಂದು ಮಲ್ಟಿಮೀಟರನ್ನು ಕೊಟ್ಟು, ‘ಎಂಟೂ ಎಲ್‌ಇಡಿಗಳು ಏಕಕಾಲಕ್ಕೆ ಬೆಳಗಬೇಕು, ಚಿಪ್ ತಯಾರಕರು ಹೇಳಿರುವ ಯಾವ ಮಿತಿಯೂ ಮೀರಬಾರದು’ ಎಂದಷ್ಟೇ ಹೇಳಿ ನೋಡಿ.

ಹೆಚ್ಚಿನವರು ಮೊದಲು ಪಿನ್ನಿನಿಂದ ಎಲ್‌ಇಡಿಯ ಮೂಲಕ ಗ್ರೌಂಡಿಗೆ ತಂತಿ ಎಳೆದು ಪಿನ್ನಿಗೆ 1 ಬರೆಯುತ್ತಾರೆ. ಎಲ್‌ಇಡಿ ಕಂಡೂ ಕಾಣದಷ್ಟು ಮಿಣುಕುತ್ತದೆ. ಪ್ರೋಗ್ರಾಮ್ ತಪ್ಪಿರಬೇಕೆಂದು ಅದನ್ನೇ ತಿದ್ದುತ್ತಾ ಕೂರುವವರು ಇರುತ್ತಾರೆ, ಕೂರಲಿ. ಆಮೇಲೆ ಯಾರೋ ಒಬ್ಬರು ಡೇಟಾಶೀಟ್ ತೆರೆದು, ಆ ಪಿನ್ ಮೇಲ್ಮಟ್ಟದಲ್ಲಿ 2.4 ವೋಲ್ಟನ್ನು ಉಳಿಸಿಕೊಂಡು ಕೊಡಬಲ್ಲ ಕರೆಂಟ್ ಬರಿಯ 60 ಮೈಕ್ರೋಆಂಪಿಯರ್ ಎಂಬ ಸಾಲನ್ನು ಕಾಣುತ್ತಾರೆ. ಒಳಗಿನ ಪುಲ್‌ಅಪ್ (ಪಿನ್ನನ್ನು 5 ವೋಲ್ಟಿನತ್ತ ಎಳೆಯುವ ರೆಸಿಸ್ಟರ್) ದುರ್ಬಲವೆಂದೂ, ಆದರೆ ಅದೇ ಪಿನ್ ಕೆಳಮಟ್ಟದಲ್ಲಿ ಕರೆಂಟನ್ನು ಚೆನ್ನಾಗಿ ಒಳಗೆ ಎಳೆದುಕೊಳ್ಳುತ್ತದೆಂದೂ ಆಗ ತಿಳಿಯುತ್ತದೆ. ಎಲ್‌ಇಡಿಯನ್ನು 5 ವೋಲ್ಟಿನ ಕಡೆಯಿಂದ ತಂದು ಪಿನ್ನಿಗೆ 0 ಬರೆದರೆ ಬೆಳಕು ಬರುತ್ತದೆ. ಇಲ್ಲಿಗೆ ಅರ್ಧ ದಾರಿ ಮುಗಿಯಿತು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋದರೆ ಉಳಿಯುವ 3 ವೋಲ್ಟಿಗೆ 330 ಓಮ್ ರೆಸಿಸ್ಟರ್ ಹಾಕಿದಾಗ 9 ಮಿಲಿಆಂಪಿಯರ್ ಹರಿಯುತ್ತದೆ. ಒಂದು ಪಿನ್ನಿನ ಮಿತಿ 10 ಮಿಲಿಆಂಪಿಯರ್ ಆದ್ದರಿಂದ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಆದರೆ ಅದೇ ಡೇಟಾಶೀಟಿನ ಅಡಿಟಿಪ್ಪಣಿಯಲ್ಲಿ ಪೋರ್ಟ್ 1ರ ಎಂಟೂ ಪಿನ್ನುಗಳು ಸೇರಿ 15 ಮಿಲಿಆಂಪಿಯರ್ ದಾಟಬಾರದೆಂದು ಇದೆ. ಎಂಟೊಂಬತ್ತಲೆ ಎಪ್ಪತ್ತೆರಡು! ಈಗ ಒಂದು ಗುಂಪು 2 ಕಿಲೋಓಮ್ ಹಾಕಿ ಒಟ್ಟು ಕರೆಂಟನ್ನು 12 ಮಿಲಿಆಂಪಿಯರಿಗೆ ಇಳಿಸುತ್ತದೆ. ಇನ್ನೊಂದು ಗುಂಪು ಬೆಳಕು ಸಾಲದೆಂದು ನಡುವೆ ಬಫರ್ ಐಸಿ ಇಡುತ್ತದೆ. ಮತ್ತೊಂದು ಗುಂಪು ರೆಸಿಸ್ಟರಿನ ಬೆಲೆಯನ್ನೂ ಏರಿಸಿ ಎಲ್‌ಇಡಿಗಳನ್ನು ಬೇರೆ ಬೇರೆ ಪೋರ್ಟುಗಳಿಗೆ ಹಂಚುತ್ತದೆ. ಮೂರೂ ಉತ್ತರಗಳು ಸರಿಯೇ, ಮತ್ತು ಯಾವುದು ಯಾಕೆ ಮೇಲು ಎಂಬ ಚರ್ಚೆಗೆ ಕೊನೆಯ ಹತ್ತು ನಿಮಿಷವನ್ನು ಮೀಸಲಿಡಬಹುದು.

ಸೀರಿಯಲ್ ಸಂವಹನದ ಪ್ರಯೋಗವನ್ನೂ ಹೀಗೆಯೇ ತಿರುಗಿಸಬಹುದು. 11.0592 ಮೆಗಾಹರ್ಟ್ಸ್ ಕ್ರಿಸ್ಟಲನ್ನೇ ಏಕೆ ಹಾಕುತ್ತಾರೆ ಎಂಬುದು ವೈವಾದ ಸವಕಲು ಪ್ರಶ್ನೆ, ಉತ್ತರವೂ (ಸಾಮಾನ್ಯ ಸೀರಿಯಲ್ ವೇಗಗಳು ಅದರಿಂದ ಕರಾರುವಾಕ್ಕಾಗಿ ಸಿಗುತ್ತವೆ) ಎಲ್ಲರಿಗೂ ಬಾಯಿಪಾಠ. ಆದ್ದರಿಂದ ವಿದ್ಯಾರ್ಥಿಗಳಿಗೆ ಬೇಕೆಂದೇ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಕೊಟ್ಟು, ಅದನ್ನು ಬದಲಾಯಿಸದೆ ಕಂಪ್ಯೂಟರಿನೊಂದಿಗೆ ಮಾತನಾಡಿಸಿ ಎನ್ನಿ. ಮ್ಯಾನ್ಯುಯಲ್‌ನಲ್ಲಿದ್ದಂತೆ 9,600 ಬಾಡ್‌ಗೆ (ಸೆಕೆಂಡಿಗೆ 9,600 ಬಿಟ್ಟು) ಹೊಂದಿಸಿದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಲೆಕ್ಕ ಹಾಕಿದರೆ ಕಾರಣ ಸ್ಪಷ್ಟವಾಗುತ್ತದೆ: 12 ಮೆಗಾಹರ್ಟ್ಸನ್ನು 12ರಿಂದಲೂ ಮತ್ತೆ 32ರಿಂದಲೂ ಭಾಗಿಸಿದರೆ 31,250, ಟೈಮರ್ ಮೂರು ಎಣಿಕೆಗೊಮ್ಮೆ ಉಕ್ಕಿದರೆ ಸಿಗುವುದು 10,417, ಅಂದರೆ ಬೇಕಾದ ವೇಗಕ್ಕಿಂತ ಶೇಕಡಾ 8.5ರಷ್ಟು ಹೆಚ್ಚು. ಹತ್ತು ಬಿಟ್ಟುಗಳ ಒಂದು ಚೌಕಟ್ಟಿನ ಕೊನೆ ಮುಟ್ಟುವ ಹೊತ್ತಿಗೆ ಈ ವ್ಯತ್ಯಾಸ ಮುಕ್ಕಾಲು ಬಿಟ್ಟಿಗಿಂತ ಹೆಚ್ಚಾಗಿ, ಸ್ವೀಕರಿಸುವ ಕಡೆಯವರು ಪಕ್ಕದ ಬಿಟ್ಟನ್ನು ಓದುತ್ತಾರೆ. ಹಾಗಾದರೆ 12 ಮೆಗಾಹರ್ಟ್ಸಿಗೆ ಒಗ್ಗುವ ವೇಗ ಯಾವುದು? ಹುಡುಕುತ್ತಾ ಹೋದವರಿಗೆ 13 ಎಣಿಕೆಯಲ್ಲಿ 2,404 ಸಿಗುತ್ತದೆ, 2,400ಕ್ಕೆ ಅದು ಎಷ್ಟೋ ಹತ್ತಿರ. ವೇಗವನ್ನು ಇಮ್ಮಡಿಗೊಳಿಸುವ ಎಸ್‌ಮಾಡ್ ಬಿಟ್ಟನ್ನು ನೆನಪಿಸಿಕೊಂಡವರು 4,800ಕ್ಕೂ ಹೋಗುತ್ತಾರೆ. ಆ ಬಿಟ್ಟು ಏಕಿದೆ ಎಂದು ಅವರಿಗೆ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಯೋಜನೆಯ ಬಗ್ಗೆ ಎರಡು ಮಾತು. ಇಬ್ಬಿಬ್ಬರ ಜೋಡಿ ಮಾಡಿ. ಮೂವರಾದರೆ ಒಬ್ಬರು ನೋಡುಗರಾಗುತ್ತಾರೆ. ಕರೆಂಟ್ ಕೊಡುವ ಮುನ್ನ ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ನಿರೀಕ್ಷಿಸುತ್ತೇವೆಂದು ಕಾಗದದ ಮೇಲೆ ಬರೆಸಿ. ನೀವು ಮೇಜಿನಿಂದ ಮೇಜಿಗೆ ಹೋಗುವಾಗ ಕೇಳಬೇಕಾದ ಪ್ರಶ್ನೆ ‘ಔಟ್‌ಪುಟ್ ಬಂತೇ?’ ಎಂಬುದಕ್ಕಿಂತ ‘ಎಷ್ಟು ಅಂದುಕೊಂಡಿದ್ದಿರಿ, ಎಷ್ಟು ಸಿಕ್ಕಿತು?’ ಎಂದಿರಲಿ.

ಎಲ್ಲ ಪರದಾಟವೂ ಪಾಠವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಇಎ ಪಿನ್ನನ್ನು 5 ವೋಲ್ಟಿಗೆ ಕಟ್ಟದಿದ್ದರೆ ಚಿಪ್ ತನ್ನೊಳಗಿನ ಪ್ರೋಗ್ರಾಮನ್ನು ಬಿಟ್ಟು ಹೊರಗಿನ ಮೆಮೊರಿಯನ್ನು ಹುಡುಕಿಕೊಂಡು ಹೋಗುತ್ತದೆ. ಪೋರ್ಟ್ 0ಕ್ಕೆ ಹೊರಗಿನಿಂದ ಪುಲ್‌ಅಪ್ ಹಾಕದಿದ್ದರೆ ಅಲ್ಲಿ ಮೇಲ್ಮಟ್ಟವೇ ಬರುವುದಿಲ್ಲ. ರೀಸೆಟ್ ಪಿನ್ನಿನ ಕೆಪಾಸಿಟರನ್ನು ತಪ್ಪಾಗಿ ಕೂರಿಸಿದರೆ ಚಿಪ್ ಎಚ್ಚರಗೊಳ್ಳುವುದೇ ಇಲ್ಲ. ಮೊದಲ ವಾರದ ವಿದ್ಯಾರ್ಥಿ ಇಂಥವುಗಳಲ್ಲಿ ಎರಡು ಗಂಟೆ ಕಳೆದು ನಿರಾಶನಾಗಿ ಹೋದರೆ ಯಾರಿಗೂ ಲಾಭವಿಲ್ಲ. ಇವನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿ ಪ್ರತಿ ಮೇಜಿಗೂ ಅಂಟಿಸಿಬಿಡಿ. ಹಾಗೆಯೇ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವಂಥ ಅಸೆಂಬ್ಲಿ ಪ್ರಯೋಗಗಳನ್ನು ಹಳೆಯ ರೀತಿಯಲ್ಲೇ ಮುಗಿಸಿ. ಸೆಮಿಸ್ಟರಿನಲ್ಲಿ ನಾಲ್ಕೈದು ಪ್ರಯೋಗಗಳನ್ನು ಸಮಸ್ಯೆಯಾಗಿ ಕೊಟ್ಟರೆ ಸಾಕು, ಎಲ್ಲವನ್ನೂ ಕೊಡಹೊರಟರೆ ಪೋರ್ಷನ್ ಮುಗಿಯದು.

ಪ್ರಶ್ನೆ: ಸಮಸ್ಯೆ ಕೊಟ್ಟು ಕಲಿಸುವುದೆಂಬುದು ಈಚೆಗೆ ಹೊರದೇಶದಿಂದ ಬಂದ ಫ್ಯಾಷನ್ ಅಲ್ಲವೇ? ಬುನಾದಿ ಇಲ್ಲದವನಿಗೆ ಸಮಸ್ಯೆ ಕೊಟ್ಟರೆ ಅವನು ತಲೆ ಚಚ್ಚಿಕೊಳ್ಳುವುದನ್ನು ಬಿಟ್ಟು ಇನ್ನೇನು ಮಾಡಿಯಾನು?
— ನಿವೃತ್ತ ಪ್ರಾಧ್ಯಾಪಕರು, ಮೈಸೂರು

ಉತ್ತರ: ಹೊರದೇಶದ್ದು ನಿಜ, ಈಚಿನದಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1960ರ ದಶಕದ ಕೊನೆಯಲ್ಲಿಯೇ ರೋಗಿಯ ಸಮಸ್ಯೆಯಿಂದ ಪಾಠವನ್ನು ಆರಂಭಿಸುವ ಕ್ರಮವನ್ನು ತಂದಿತು. ಡೆನ್ಮಾರ್ಕಿನಲ್ಲಿ 1974ರಲ್ಲಿ ಸ್ಥಾಪನೆಯಾದ ಆಲ್ಬೋರ್ಗ್ ವಿಶ್ವವಿದ್ಯಾಲಯ ಎಂಜಿನಿಯರಿಂಗ್ ಸೇರಿದಂತೆ ತನ್ನ ಇಡೀ ಶಿಕ್ಷಣವನ್ನು ಸಮಸ್ಯೆ ಮತ್ತು ಪ್ರಾಜೆಕ್ಟುಗಳ ಮೇಲೆಯೇ ಕಟ್ಟಿತು. ನಿಮ್ಮ ಎರಡನೆಯ ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ಓಮನ ನಿಯಮವನ್ನು ಬಳಸಲು ಬಾರದವರಿಗೆ, ಸಿ ಭಾಷೆಯಲ್ಲಿ ಒಂದು ಲೂಪ್ ಬರೆಯಲಾರದವರಿಗೆ ಮೇಲೆ ಹೇಳಿದ ಸಮಸ್ಯೆಗಳನ್ನು ಕೊಡುವುದು ಕ್ರೌರ್ಯ. ಉಪನ್ಯಾಸ ಬೇಕು, ಆದರೆ ಅದರ ಜಾಗ ಬೇರೆಯಾಗಬಹುದು: ಟೈಮರಿನ ಬಗ್ಗೆ ನಾಲ್ಕು ತರಗತಿ ತೆಗೆದುಕೊಂಡು ಆಮೇಲೆ ಲ್ಯಾಬಿಗೆ ಕಳುಹಿಸುವುದಕ್ಕಿಂತ, ಒಂದು ತರಗತಿ ತೆಗೆದುಕೊಂಡು ಲ್ಯಾಬಿಗೆ ಕಳುಹಿಸಿ, ಅಲ್ಲಿ ಸಿಕ್ಕಿಹಾಕಿಕೊಂಡು ಬಂದವರಿಗೆ ಉಳಿದ ಮೂರನ್ನು ಹೇಳಿದರೆ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಾರೆ.

ಪ್ರಶ್ನೆ: 8051 ಬಂದದ್ದು 1980ರಲ್ಲಿ ಎಂದು ನಮ್ಮ ಸರ್ ಅವರೇ ಹೇಳಿದರು. ನಮ್ಮ ಸೀನಿಯರುಗಳು ಇಎಸ್‌ಪಿ32 ಬಳಸಿ ವೈಫೈ ಮೂಲಕ ಮನೆಯ ದೀಪ ಹೊತ್ತಿಸುತ್ತಾರೆ. ನಾವೇಕೆ ಅಪ್ಪನ ಕಾಲದ ಚಿಪ್ಪನ್ನು ಓದಬೇಕು?
— ಐದನೇ ಸೆಮಿಸ್ಟರ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇಂಟೆಲ್ ಕಂಪನಿಯ ಮೂಲ 8051ರಲ್ಲಿ ಪ್ರೋಗ್ರಾಮಿಗೆ 4 ಕಿಲೋಬೈಟ್, ದತ್ತಾಂಶಕ್ಕೆ 128 ಬೈಟ್ ಜಾಗವಿತ್ತು. ಈ ಬಡತನವೇ ಕಲಿಕೆಗೆ ಅನುಕೂಲ. ಇಡೀ ಚಿಪ್ಪಿನ ನಕ್ಷೆ ಒಂದು ಹಾಳೆಯಲ್ಲಿ ಹಿಡಿಯುತ್ತದೆ, ಒಂದು ಆಜ್ಞೆಗೆ ಎಷ್ಟು ಮೈಕ್ರೋಸೆಕೆಂಡ್ ಬೇಕೆಂದು ಬೆರಳೆಣಿಸಿ ಹೇಳಬಹುದು. ಇಎಸ್‌ಪಿ32ರಲ್ಲಿ ನೀವು ಬರೆದ ಐದು ಸಾಲಿನ ಕೆಳಗೆ ಬೇರೆಯವರು ಬರೆದ ಸಾವಿರಾರು ಸಾಲುಗಳು ಓಡುತ್ತಿರುತ್ತವೆ, ಮತ್ತು ದೀಪ ಹೊತ್ತದಿದ್ದಾಗ ತಪ್ಪು ಯಾವ ಪದರದಲ್ಲಿದೆ ಎಂದು ಹುಡುಕುವುದು ಹೊಸಬರ ಕೈಯಲ್ಲಿ ಆಗುವ ಮಾತಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಸೀನಿಯರುಗಳು ತಮ್ಮ ಇಎಸ್‌ಪಿ32ರ ಸಿಗ್ನಲುಗಳನ್ನು ಪರೀಕ್ಷಿಸಲು ಎಂಟು ಚಾನೆಲ್ಲಿನ, ಬೆಂಕಿಪೊಟ್ಟಣದ ಗಾತ್ರದ ಅಗ್ಗದ ಯುಎಸ್‌ಬಿ ಲಾಜಿಕ್ ಅನಲೈಸರ್ ಬಳಸುತ್ತಿದ್ದರೆ, ಅದನ್ನು ಬಿಚ್ಚಿ ಒಳಗಿನ ಚಿಪ್ಪಿನ ಹೆಸರನ್ನು ಓದಿ. ಬಹುಮಟ್ಟಿಗೆ ಅದು ಸೈಪ್ರೆಸ್ ಕಂಪನಿಯ ಎಫ್‌ಎಕ್ಸ್2 ಸರಣಿಯದಾಗಿರುತ್ತದೆ, ಮತ್ತು ಅದರೊಳಗೆ ಕೂತಿರುವ ಪ್ರೊಸೆಸರ್ 8051ರ ವಂಶದ್ದೇ.

ಹಾಗೆಂದು ಎರಡು ಸೆಮಿಸ್ಟರ್ ಪೂರ್ತಿ 8051ಕ್ಕೇ ಅಂಟಿಕೊಂಡಿರಬೇಕೆಂದು ನಾನು ಹೇಳಲಾರೆ. ಉದ್ಯೋಗಕ್ಕೆ ಹೋದಾಗ ಎದುರಾಗುವುದು ಹೆಚ್ಚಾಗಿ 32 ಬಿಟ್ಟಿನ ಆರ್ಮ್ ಚಿಪ್ಪುಗಳು. 8051ರಲ್ಲಿ ಟೈಮರ್, ಇಂಟರಪ್ಟ್, ಸೀರಿಯಲ್ ಈ ಮೂರನ್ನು ಕೈಯಾರೆ ಮಾಡಿದವರು ಆರ್ಮ್ ಚಿಪ್ಪಿನ ನೂರಾರು ಪುಟಗಳ ಕೈಪಿಡಿಯಲ್ಲಿ ಏನನ್ನು ಹುಡುಕಬೇಕೆಂದು ತಿಳಿದಿರುತ್ತಾರೆ.

ಪ್ರಶ್ನೆ: ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಮಿನಿ ಪ್ರಾಜೆಕ್ಟಿಗೆಂದು ಹುಳು ಮನೆಯ ಉಷ್ಣಾಂಶ ಮತ್ತು ತೇವಾಂಶವನ್ನು ನಿಯಂತ್ರಿಸುವ ಸಾಧನವನ್ನು ಆರ್ಡುಯಿನೊ ಯುನೊ, ಡಿಎಚ್‌ಟಿ11 ಸೆನ್ಸರ್ ಮತ್ತು ರಿಲೇ (ಕರೆಂಟಿನಿಂದ ಕೂಡಿ ಬಿಡುವ ಸ್ವಿಚ್) ಬಳಸಿ ಮಾಡಿದೆ. ಎರಡು ತೊಂದರೆ ಬಂದಿವೆ. ಚಾಕಿ (ಎಳೆಯ ಹುಳುವಿನ) ಹಂತದಲ್ಲಿ ಸೆನ್ಸರ್ ತೋರಿಸುವ ತೇವಾಂಶವು ಗೋಡೆಯ ಮೇಲಿರುವ ಒದ್ದೆ–ಒಣ ಬಲ್ಬಿನ ಥರ್ಮಾಮೀಟರಿಗೆ ಹೊಂದುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ನಿಲ್ಲುವ ಕ್ಷಣದಲ್ಲಿ ಕೆಲವೊಮ್ಮೆ ಬೋರ್ಡ್ ರೀಸೆಟ್ ಆಗುತ್ತದೆ. ಗೈಡ್ ಅವರು ಕೋಡ್ ಸರಿಯಿದೆ ಎನ್ನುತ್ತಾರೆ.
— ವಿದ್ಯಾರ್ಥಿನಿ, ರಾಮನಗರ ಜಿಲ್ಲೆ

ಉತ್ತರ: ಕೋಡ್ ಸರಿಯಿರಬಹುದು, ಮತ್ತು ಎರಡೂ ತೊಂದರೆಗಳು ಕೋಡಿನ ಹೊರಗೇ ಇರಬಹುದು. ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಿಮ್ಮದು ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಯಿತು, ಏಕೆಂದರೆ ಹೊಸ ಸಾಧನವನ್ನು ಹಳೆಯ ಸಾಧನದೊಡನೆ ಹೋಲಿಸಿ ನೋಡುವ ಬುದ್ಧಿ ನಿಮಗೆ ಬಂದಿದೆ.

ಮೊದಲು ತೇವಾಂಶ. ಚಾಕಿ ಹಂತದಲ್ಲಿ ಶೇಕಡಾ 85ರಿಂದ 90ರಷ್ಟು ತೇವಾಂಶ ಬೇಕೆಂಬುದು ನಿಮ್ಮ ಮನೆಯವರಿಗೆ ಗೊತ್ತಿರುವ ವಿಷಯ. ಡಿಎಚ್‌ಟಿ11ರ ಅಳತೆಯ ವ್ಯಾಪ್ತಿಯೇ ಶೇಕಡಾ 90ರ ಆಸುಪಾಸಿನಲ್ಲಿ ಮುಗಿಯುತ್ತದೆ, ಅದರ ಮೇಲೆ ಐದಂಶ ಆಚೆಈಚೆ ಆಗುವ ಸಾಧ್ಯತೆಯನ್ನು ತಯಾರಕರೇ ಒಪ್ಪಿಕೊಂಡಿದ್ದಾರೆ. ನಿಮಗೆ ಬೇಕಾದ ಪಟ್ಟಿ ಐದಂಶದಷ್ಟು ಅಗಲದ್ದು, ಸೆನ್ಸರಿನ ತಪ್ಪು ಅದಕ್ಕಿಂತ ಅಗಲದ್ದು. ಬೆಳೆದ ಹುಳುಗಳಿಗೆ ಬೇಕಾದ ಶೇಕಡಾ 70–75ರ ಮಟ್ಟದಲ್ಲಿ ಅದು ಹೇಗೋ ನಡೆದೀತು, ಚಾಕಿಗೆ ನಡೆಯದು. ಸೊನ್ನೆಯಿಂದ ನೂರರವರೆಗೆ ಅಳೆಯುವ ಡಿಎಚ್‌ಟಿ22 ಅಥವಾ ಅದಕ್ಕಿಂತ ಉತ್ತಮ ಸೆನ್ಸರನ್ನು ಹಾಕಿ, ಅದನ್ನೂ ಥರ್ಮಾಮೀಟರಿನ ಪಕ್ಕದಲ್ಲಿಟ್ಟು ಒಂದು ವಾರದ ಅಳತೆಗಳನ್ನು ಬರೆದಿಡಿ. ಥರ್ಮಾಮೀಟರಿನ ಬತ್ತಿ ಕೊಳೆಯಾಗಿದ್ದರೂ ನೀರು ಬತ್ತಿದ್ದರೂ ಅದರ ಲೆಕ್ಕವೂ ತಪ್ಪುತ್ತದೆ ಎಂಬುದು ನೆನಪಿರಲಿ. ಬೆಳೆಗಳ ನಡುವೆ ಹುಳು ಮನೆಗೆ ಸೋಂಕುನಿವಾರಕ ಸಿಂಪಡಿಸುವಾಗ ಸೆನ್ಸರನ್ನು ಬಿಚ್ಚಿ ಹೊರಗಿಡಬೇಕು. ರಾಸಾಯನಿಕದ ಆವಿ ತಗುಲಿದರೆ ತೇವಾಂಶದ ಸೆನ್ಸರುಗಳ ಅಳತೆ ವಾಲಿಬಿಡುತ್ತದೆ.

ಈಗ ರೀಸೆಟ್. ಊಹೆಯ ಮೇಲೆ ಒಂದೊಂದೇ ಬಿಡಿಭಾಗವನ್ನು ಬದಲಾಯಿಸುತ್ತಾ ಹೋಗಬೇಡಿ. ಮೊದಲು ತೊಂದರೆಯನ್ನು ಎರಡು ಪಾಲು ಮಾಡಿ. ಫ್ಯಾನಿನ ಪ್ಲಗ್ ಕಿತ್ತು, ರಿಲೇಯನ್ನು ಮಾತ್ರ ನೂರಾರು ಬಾರಿ ಟಕಟಕ ಎನ್ನಿಸಿ ನೋಡಿ. ಆಗಲೂ ರೀಸೆಟ್ ಆಗುತ್ತಿದ್ದರೆ ದೋಷ ರಿಲೇಯ ಕಾಯಿಲ್ ಕಡೆಯದು: 5 ವೋಲ್ಟಿನ ಸಾಮಾನ್ಯ ರಿಲೇಯ ಕಾಯಿಲಿಗೆ ಸುಮಾರು 70 ಮಿಲಿಆಂಪಿಯರ್ ಬೇಕು, ಯುನೊ ಪಿನ್ನಿನ ಗರಿಷ್ಠ ಮಿತಿ 40. ಆದ್ದರಿಂದ ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು, ಕಾಯಿಲಿಗೆ ಅಡ್ಡಲಾಗಿ ಹಿಮ್ಮುಖ ಡಯೋಡ್ ಇರಬೇಕು, ಮತ್ತು ರಿಲೇ ಎಳೆದುಕೊಂಡಾಗ 5 ವೋಲ್ಟ್ ಕುಸಿಯದಷ್ಟು ಗಟ್ಟಿಯಾದ ಅಡಾಪ್ಟರ್ ಇರಬೇಕು. ರೆಡಿಮೇಡ್ ರಿಲೇ ಮಾಡ್ಯೂಲ್ ಆಗಿದ್ದರೆ ಮೊದಲೆರಡು ಅದರಲ್ಲೇ ಇರುತ್ತವೆ. ಫ್ಯಾನ್ ಕಿತ್ತಾಗ ರೀಸೆಟ್ ಮಾಯವಾದರೆ ದೋಷ ಕಾಂಟ್ಯಾಕ್ಟಿನ ಕಡೆಯದು. ನೀವು ಬರೆದಿರುವಂತೆ ಫ್ಯಾನ್ ನಿಲ್ಲುವಾಗಲೇ ಆಗುತ್ತಿರುವುದರಿಂದ ನನ್ನ ಅನುಮಾನ ಇದರ ಮೇಲೆಯೇ: ಮೋಟಾರಿನ ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟನ್ನು ಥಟ್ಟನೆ ಕಡಿದಾಗ ಕಾಂಟ್ಯಾಕ್ಟಿನ ನಡುವೆ ಕಿಡಿ ಹಾರಿ, ಅದರ ಗದ್ದಲ ಹತ್ತಿರದ ತಂತಿಗಳ ಮೂಲಕ ಚಿಪ್ಪನ್ನು ಮುಟ್ಟುತ್ತದೆ. ಕಾಂಟ್ಯಾಕ್ಟಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡಿನ, ಕಿಡಿ ತಗ್ಗಿಸುವ ಸ್ನಬ್ಬರ್ ಹಾಕಬೇಕು. ಕೆಪಾಸಿಟರ್ ಮಾತ್ರ ಮೇನ್ಸ್ ವೋಲ್ಟೇಜಿಗೆಂದೇ ತಯಾರಿಸಿದ ಎಕ್ಸ್2 ದರ್ಜೆಯದಾಗಿರಬೇಕು. ಮೇನ್ಸ್ ತಂತಿಯನ್ನೂ ಸೆನ್ಸರಿನ ತಂತಿಯನ್ನೂ ಒಟ್ಟಿಗೆ ಕಟ್ಟಿದ್ದರೆ ಬೇರ್ಪಡಿಸಿ. 230 ವೋಲ್ಟಿನ ಕಡೆಯ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್ ಎದುರಿನಲ್ಲೇ ಮಾಡಿ, ಅದೂ ತೇವ ತುಂಬಿದ ಕೋಣೆಯೆಂಬುದನ್ನು ಮರೆಯಬೇಡಿ.

ನೀವು ಕೇಳದ ಒಂದು ಸಂಗತಿ. ಸೆನ್ಸರಿನ ತಂತಿಯನ್ನು ಕಿತ್ತುಹಾಕಿ ಏನಾಗುತ್ತದೆಂದು ನೋಡಿದ್ದೀರಾ? ಸಾಮಾನ್ಯವಾಗಿ ಬಳಸುವ ಲೈಬ್ರರಿ ಆಗ ‘ಇದು ಸಂಖ್ಯೆಯಲ್ಲ’ ಎಂಬ ಗುರುತನ್ನು ಹಿಂದಿರುಗಿಸುತ್ತದೆ. ಫ್ಯಾನ್ 28 ಡಿಗ್ರಿ ದಾಟಿದರೆ ಓಡಿ 26ರ ಕೆಳಗೆ ನಿಲ್ಲುವಂತೆ ಬರೆದಿದ್ದರೆ, ಆ ಗುರುತನ್ನು 28ಕ್ಕಿಂತ ಹೆಚ್ಚೇ ಎಂದು ಕೇಳಿದರೂ ಇಲ್ಲ, 26ಕ್ಕಿಂತ ಕಡಿಮೆಯೇ ಎಂದು ಕೇಳಿದರೂ ಇಲ್ಲ. ಹಾಗಾಗಿ ಫ್ಯಾನ್ ಇದ್ದ ಸ್ಥಿತಿಯಲ್ಲೇ ಉಳಿದುಬಿಡುತ್ತದೆ, ಪರದೆಯ ಮೇಲೆ ಹಿಂದಿನ ಅಂಕಿ ಹಾಗೇ ನಿಂತಿದ್ದರೆ ಮನೆಯವರಿಗೆ ಅನುಮಾನವೂ ಬಾರದು. ಸೆನ್ಸರ್ ಉತ್ತರಿಸದಿದ್ದಾಗ ಬಜರ್ ಕೂಗುವಂತೆ ಮಾಡಿ. ಪ್ರದರ್ಶನದ ದಿನ ಇದನ್ನು ಪರೀಕ್ಷಕರ ಎದುರಿಗೇ ತಂತಿ ಕಿತ್ತು ತೋರಿಸಿ.

ಪ್ರಶ್ನೆ: ಇಂಟರ್‌ನೆಟ್ಟಿನಿಂದಲೋ ಚಾಟ್‌ಬಾಟ್‌ನಿಂದಲೋ ಕೋಡ್ ತಂದು ಎಲ್ಲರೂ ಒಂದೇ ಉತ್ತರ ಒಪ್ಪಿಸುತ್ತಾರೆ. ಅಂಕ ಕೊಡುವುದು ಹೇಗೆ?
— ಸಹಾಯಕ ಪ್ರಾಧ್ಯಾಪಕರು, ಕಲಬುರಗಿ

ಉತ್ತರ: ಕೋಡಿಗೆ ಅಂಕ ಕೊಡುವುದನ್ನು ಕಡಿಮೆ ಮಾಡಿ. ಕೋಡ್ ಎಲ್ಲಿಂದ ಬಂದರೂ ಬರಲಿ, ಅಳೆದದ್ದಕ್ಕೆ ಮತ್ತು ದೋಷ ಹುಡುಕಿದ್ದಕ್ಕೆ ಅಂಕವಿರಲಿ.

ಸುಲಭದ ಉಪಾಯವೆಂದರೆ ಒಬ್ಬೊಬ್ಬರ ಸಮಸ್ಯೆಯಲ್ಲೂ ಅಂಕಿಗಳನ್ನು ಬೇರೆ ಮಾಡುವುದು. ಟೈಮರಿನಿಂದ ಚೌಕ ತರಂಗ ಹೊರಡಿಸುವ ಪ್ರಯೋಗದಲ್ಲಿ ಆವರ್ತನವನ್ನು ರೋಲ್ ನಂಬರಿಗೆ ತಕ್ಕಂತೆ ಹಂಚಿ. 12 ಮೆಗಾಹರ್ಟ್ಸಿನಲ್ಲಿ 16 ಬಿಟ್ ಟೈಮರ್ ಒಮ್ಮೆ ತುಂಬಲು ಹಿಡಿಯುವ ಗರಿಷ್ಠ ಕಾಲ 65.5 ಮಿಲಿಸೆಕೆಂಡ್. ಆದ್ದರಿಂದ 50 ಹರ್ಟ್ಸ್ ಸಿಕ್ಕವರಿಗೆ ತಂದ ಕೋಡ್ ನಡೆಯುತ್ತದೆ, 5 ಹರ್ಟ್ಸ್ ಸಿಕ್ಕವರಿಗೆ ಅರ್ಧ ಆವರ್ತವೇ 100 ಮಿಲಿಸೆಕೆಂಡ್ ಆಗಿ ಟೈಮರ್ ಸಾಲದೆ ಬರುತ್ತದೆ. ಯಾರಿಗೆ ಯಾವುದನ್ನು ಕೊಡಬೇಕೆಂಬುದರಲ್ಲಿ ಸ್ವಲ್ಪ ಕಿಲಾಡಿತನ ಮಾಡಬಹುದು.

ಇನ್ನೊಂದು ಕ್ರಮ, ನನಗೆ ಹೆಚ್ಚು ಇಷ್ಟವಾದದ್ದು, ದೋಷ ಹುದುಗಿಸಿದ ಕೆಲಸವನ್ನು ಕೊಡುವುದು. ಆರ್ಡುಯಿನೊ ಯುನೊದಲ್ಲಿ ಪಂಪನ್ನು ನಿಗದಿತ ಸಮಯ ಓಡಿಸಿ ನಿಲ್ಲಿಸುವ ಪ್ರೋಗ್ರಾಮ್ ಎಂದುಕೊಳ್ಳಿ. 30 ಸೆಕೆಂಡಿಗೆ ಇಟ್ಟರೆ ಪಂಪ್ ಸರಿಯಾಗಿ ನಿಲ್ಲುತ್ತದೆ, 60 ಸೆಕೆಂಡಿಗೆ ಇಟ್ಟರೆ ನಿಲ್ಲುವುದೇ ಇಲ್ಲ. ಕೋಡ್ ಕಂಪೈಲ್ ಆಗುತ್ತದೆ, ನೋಡಲು ಯಾವ ಲೋಪವೂ ಕಾಣದು. ಕಳೆದ ಸಮಯವನ್ನು ಇಟ್ಟುಕೊಂಡಿರುವ ಚರಾಂಶ ‘ಇಂಟ್’ ಬಗೆಯದು, ಯುನೊದಲ್ಲಿ ಅದು 16 ಬಿಟ್ಟಿನದು, 32,767 ದಾಟಿದ ಕೂಡಲೇ ಋಣಸಂಖ್ಯೆಗೆ ಉರುಳುತ್ತದೆ. 60,000 ಮಿಲಿಸೆಕೆಂಡನ್ನು ಅದು ಎಂದೂ ಮುಟ್ಟುವುದಿಲ್ಲ. ಇದೇ ಪ್ರೋಗ್ರಾಮ್ 32 ಬಿಟ್ಟಿನ ಬೋರ್ಡಿನಲ್ಲಿ ಸರಿಯಾಗಿ ಓಡುತ್ತದೆ ಎಂಬುದು ಈ ಸಮಸ್ಯೆಯ ಎರಡನೆಯ ಮಡಿಕೆ. ವಿದ್ಯಾರ್ಥಿ ಕಾರಣವನ್ನು ಚಾಟ್‌ಬಾಟ್‌ಗೆ ಕೇಳಿಯೇ ತಿಳಿದುಕೊಂಡರೂ ಆಗಲಿ, ಎಷ್ಟನೆಯ ಸೆಕೆಂಡಿನಲ್ಲಿ ಉರುಳುತ್ತದೆಂಬುದನ್ನು ಸೀರಿಯಲ್ ಮಾನಿಟರಿನಲ್ಲಿ ಹಿಡಿದು ತೋರಿಸಬೇಕು ಎನ್ನಿ. ಹಾರ್ಡ್‌ವೇರಿನಲ್ಲೂ ಇಂಥ ದೋಷಗಳನ್ನು ಹುದುಗಿಸಬಹುದು: ಎರಡು ಪವರ್ ಸಪ್ಲೈಗಳ ಗ್ರೌಂಡನ್ನು ಸೇರಿಸದೆ ಬಿಡುವುದು, ಪೋರ್ಟ್ 0ರ ಪುಲ್‌ಅಪ್ ಕೀಳುವುದು, ಕ್ರಿಸ್ಟಲನ್ನು ಸದ್ದಿಲ್ಲದೆ ಬದಲಾಯಿಸುವುದು. ಏನನ್ನು ಅನುಮಾನಿಸಿದೆ, ಹೇಗೆ ಪರೀಕ್ಷಿಸಿದೆ, ಏನು ಸಿಕ್ಕಿತು ಎಂದು ವಿದ್ಯಾರ್ಥಿ ಆಗಿಂದಾಗಲೇ ಬರೆದಿಟ್ಟ ಪುಟಕ್ಕೆ ಅರ್ಧದಷ್ಟು ಅಂಕವನ್ನು ಇಡಿ, ದೋಷ ಸಿಗದಿದ್ದರೂ ಆ ಪುಟಕ್ಕೆ ಅಂಕ ಬೀಳಲಿ.

ಪ್ರಶ್ನೆ: ಮಗನ ಗುಂಪಿನವರು ಕೊನೆಯ ವರ್ಷದ ಪ್ರಾಜೆಕ್ಟನ್ನು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಸಿದ್ಧರೂಪದಲ್ಲಿ ತರುವುದಾಗಿ ಹೇಳುತ್ತಿದ್ದಾರೆ. ಎಲ್ಲರೂ ಹಾಗೆಯೇ ಮಾಡುತ್ತಾರಂತೆ. ಕೊಡಬೇಕೇ?
— ಪಾಲಕರು, ಪುತ್ತೂರು

ಉತ್ತರ: ಬೇಡ. ಕೆಲಸಕ್ಕೆ ಸಂದರ್ಶನ ಮಾಡುವವರು ಪ್ರಾಜೆಕ್ಟಿನ ಬಗ್ಗೆ ಎರಡನೆಯ ಪ್ರಶ್ನೆ ಕೇಳುವಷ್ಟರಲ್ಲಿ ಬಂಡವಾಳ ಬಯಲಾಗುತ್ತದೆ. ಆ ಹಣದ ಒಂದು ಪಾಲನ್ನು ಮಗನ ಕೈಗೆ ಕೊಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಬಿಡಿಭಾಗಗಳನ್ನು ತರಲು ಹೇಳಿ. ನಿಮ್ಮ ತೋಟದ ಪಂಪ್ ನೀರಿಲ್ಲದೆ ಒಣಗಿ ಓಡದಂತೆ ತಡೆಯುವುದು, ಅಡಿಕೆ ಒಣಹಾಕಿದ ಅಂಗಳಕ್ಕೆ ಮಳೆ ಬಿದ್ದೊಡನೆ ಮನೆಯೊಳಗೆ ಬೆಲ್ ಬಾರಿಸುವುದು, ಇಂಥದ್ದೊಂದನ್ನು ಕೆಡದ ಹಾಗೆ ಮಾಡಿ ಒಂದು ಮಳೆಗಾಲ ಓಡಿಸಿದರೆ ಅದಕ್ಕಿಂತ ದೊಡ್ಡ ಪ್ರಾಜೆಕ್ಟ್ ಬೇಕಾಗಿಲ್ಲ.

ಪ್ರಶ್ನೆ: ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರೆ ಚಿಪ್ಪುಗಳು ಸುಡುತ್ತವೆ, ಮೇಲಿನವರು ನನ್ನನ್ನು ಕೇಳುತ್ತಾರೆ. ಎಲ್ಲವನ್ನೂ ಸಿಮ್ಯುಲೇಟರಿನಲ್ಲೇ ಮಾಡಿಸಿದರೆ ಆಗದೇ?
— ಲ್ಯಾಬ್ ಇನ್‌ಸ್ಟ್ರಕ್ಟರ್, ವಿಜಯಪುರ

ಉತ್ತರ: ಒಂದೊಂದೇ ಆಜ್ಞೆಯನ್ನು ನಡೆಸಿ ರಿಜಿಸ್ಟರುಗಳನ್ನು ಗಮನಿಸಲು ಸಿಮ್ಯುಲೇಟರಿಗಿಂತ ಒಳ್ಳೆಯ ಸಾಧನವಿಲ್ಲ. ಆದರೆ ಗುಂಡಿ ಒತ್ತಿದ್ದನ್ನು ಎಣಿಸುವ ಸರಳ ಪ್ರೋಗ್ರಾಮನ್ನು ಅಲ್ಲಿ ಓಡಿಸಿದರೆ ಒಂದು ಒತ್ತಿಗೆ ಒಂದೇ ಎಣಿಕೆ ಬರುತ್ತದೆ. ಅದೇ ಪ್ರೋಗ್ರಾಮನ್ನು ನಿಜವಾದ ಪುಶ್ ಬಟನ್ನಿಗೆ ಜೋಡಿಸಿದರೆ ಒಂದು ಒತ್ತಿಗೆ ಮೂರೋ ನಾಲ್ಕೋ ಎಣಿಸುತ್ತದೆ, ಏಕೆಂದರೆ ಲೋಹದ ತುದಿಗಳು ಕೂಡುವ ಮುನ್ನ ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. ಮೊದಲನೆಯ ಓದನ್ನು ನಂಬದೆ ಹತ್ತಿಪ್ಪತ್ತು ಮಿಲಿಸೆಕೆಂಡ್ ಕಾದು ಮತ್ತೊಮ್ಮೆ ಓದುವ ಅಗತ್ಯ ನಿಜವಾದ ಬಟನ್ನಿನ ಮುಂದೆಯೇ ಹುಟ್ಟುವುದು.

ಸುಡುವುದನ್ನು ಬಹುಮಟ್ಟಿಗೆ ತಡೆಯಬಹುದು. ಬೆಂಚಿನ ಪವರ್ ಸಪ್ಲೈಗಳಲ್ಲಿ ಕರೆಂಟ್ ಮಿತಿಯ ಗುಂಡಿ ಇರುತ್ತದೆ, ಅದನ್ನು 100 ಮಿಲಿಆಂಪಿಯರಿಗೆ ಇಟ್ಟುಬಿಡಿ. ಎಟಿ89ಎಸ್52ಕ್ಕೆ 12 ಮೆಗಾಹರ್ಟ್ಸಿನಲ್ಲಿ ಬೇಕಾಗುವುದು ಹೆಚ್ಚೆಂದರೆ 25. ಸಪ್ಲೈನ ಸಾಲಿನಲ್ಲಿ ಒಂದು ಡಯೋಡ್ ಹಾಕಿದರೆ ಪ್ಲಸ್–ಮೈನಸ್ ಅದಲುಬದಲಾದಾಗ ಚಿಪ್ ಉಳಿಯುತ್ತದೆ; ಡಯೋಡಿನಲ್ಲಿ ಮುಕ್ಕಾಲು ವೋಲ್ಟ್ ಕಳೆಯುವುದರಿಂದ ಸಪ್ಲೈಯನ್ನು ಅಷ್ಟು ಏರಿಸಿ ಚಿಪ್ಪಿನ ಪಿನ್ನಿನಲ್ಲಿ 5 ವೋಲ್ಟ್ ಇದೆಯೇ ಎಂದು ಅಳೆದುಕೊಳ್ಳಬೇಕು. ಹೊರಗೆ ತಂತಿ ಹೋಗುವ ಪಿನ್ನುಗಳಿಗೆ 330 ಓಮ್ ರೆಸಿಸ್ಟರನ್ನು ಸಾಲಿನಲ್ಲಿ ಸೇರಿಸಿ, ಚಿಪ್ಪನ್ನು ಕೀಳುವಾಗ ಕಾಲು ಮುರಿಯದಂತೆ ಝಿಫ್ ಸಾಕೆಟ್ ಬಳಸಿ. ಇಷ್ಟಾದ ಮೇಲೂ ಸುಟ್ಟರೆ ಸ್ಟಾಕ್ ರಿಜಿಸ್ಟರಿನಲ್ಲಿ ‘ಹಾಳಾಗಿದೆ’ ಎಂದಷ್ಟೇ ಬರೆಯದೆ, ಯಾವ ಪಿನ್ನಿನಲ್ಲಿ ಏನಾಯಿತೆಂಬುದನ್ನು ಸುಟ್ಟ ಜೋಡಿಯ ಕೈಯಲ್ಲೇ ಒಂದು ಪುಟ ಬರೆಸಿ ಸಹಿ ಹಾಕಿಸಿ. ಮೇಲಿನವರು ಕೇಳಿದಾಗ ಆ ಪುಟಗಳನ್ನೇ ತೋರಿಸಬಹುದು, ಮುಂದಿನ ಬ್ಯಾಚಿಗೆ ಅವೇ ಸಮಸ್ಯೆಗಳೂ ಆಗುತ್ತವೆ.